ಹಾಲುಮಗನ ಗಿರಾಕಿಗಳು

ಬತೂಲ್ ಆ ವಿದೇಶಿಯರಿಗೆ ಮೊದಲ ಸಲ ಬಾಗಿಲು ತೆರೆದದ್ದು ಸಂತೋಷದಿಂದಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಈಗ ನಮ್ಮ ಓಣಿಯಲ್ಲೇ ಕೆಲವರು, ಅವಳಿಗೆ ಪ್ರವಾಸಿಗರ ಮುಖ ಕಂಡರಾಗದು, ಮುದುಕಿಗೆ ಹೊಟ್ಟೆಕಿಚ್ಚು ಎಂದು ಆಡಿಕೊಳ್ಳುತ್ತಾರೆ. ಶುದ್ಧ ಸುಳ್ಳು. ಅವಳ ಸಿಟ್ಟಿಗೆ ಕಾರಣವಿತ್ತು, ಆ ಕಾರಣಕ್ಕೊಂದು ಹೆಸರಿತ್ತು, ಆ ಹೆಸರು ಯಾವ ವಿದೇಶಿಯದೂ ಅಲ್ಲ.

ವಸಂತ ಮುಗಿಯುತ್ತಿದ್ದ ದಿನಗಳು. ಬಿಸಿಲಿಗೆ ಮೂಗು ಕೆಂಪಾದ ಇಬ್ಬರು ಹೆಂಗಸರು, ಒಬ್ಬ ಗಂಡಸು ಫೋನನ್ನು ಮುಂದೆ ಹಿಡಿದುಕೊಂಡು ನಮ್ಮ ಓಣಿಯ ಕೊನೆಯವರೆಗೆ ಬಂದು ಅವಳ ಬಾಗಿಲಿನ ಕಬ್ಬಿಣದ ಬಳೆ ಬಡಿದರು. ನಮ್ಮದು ಮುಂದಕ್ಕೆ ದಾರಿಯಿಲ್ಲದ ಓಣಿ. ಕೋಟೆಯೊಳಗಿನ ಫೆಜ್‌ನಲ್ಲಿ ಅಂಥವು ಬೇಕಾದಷ್ಟಿವೆ. ಫೋನಿನ ನಕ್ಷೆಗೆ ಅವು ಅರ್ಥವಾಗುವುದಿಲ್ಲ. ದಾರಿ ತಪ್ಪಿ ಬಂದವರಿರಬೇಕು ಎಂದುಕೊಂಡಳು ಬತೂಲ್. ದಾರಿ ತಪ್ಪಿ ಬಂದವರು ದೇವರ ಅತಿಥಿಗಳು. ಅವರನ್ನು ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿ ಕಳಿಸುವುದು ನಮ್ಮಲ್ಲಿ ಮನೆಗೇ ಅವಮಾನ. ಅವಳು ತಲೆಬಟ್ಟೆ ಬಿಗಿದುಕೊಂಡು ಬಾಗಿಲು ತೆರೆದಳು, ಅಂಗಳದ ದಿವಾನದ ಮೇಲೆ ಕೂರಿಸಿದಳು, ಪುದೀನ ಹಾಕಿ ಚಹಾ ಮಾಡಿದಳು, ಬಾಣಲೆಯಲ್ಲಿ ಖ್ಲೀ, ಅಂದರೆ ಕೊಬ್ಬಿನಲ್ಲಿಟ್ಟ ಒಣಮಾಂಸ, ಬಿಸಿಮಾಡಿ ಮೇಲೆ ಮೊಟ್ಟೆ ಒಡೆದಳು.

ನಾನು ಎದುರುಮನೆಯವಳು, ಹುಡುಗಿಯರ ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಅವರ ಭಾಷೆ ನನಗೆ ಬರುತ್ತದೆಂದು ಬತೂಲ್ ಬಾಗಿಲಿನಿಂದಲೇ ಕೂಗಿ ಕರೆದಳು.

"ಟೀಚರಮ್ಮ, ಬೇಗ ಬಾರೇ. ಮೊಟ್ಟೆ ತಣ್ಣಗಾಗ್ತಿದೆ, ಇವರು ಅದರ ಫೋಟೋ ತೆಗೀತಾ ಕೂತಿದಾರೆ. ಇವರ ದೇಶದಲ್ಲಿ ಕೋಳಿ ಇಲ್ವಂತಾ ಕೇಳು."

ನಾನು ಕೇಳಲಿಲ್ಲ. ತಿನ್ನಿ ಎಂದಷ್ಟೇ ಹೇಳಿದೆ. ಅವರು ಬಾಣಲೆಯನ್ನು ರೊಟ್ಟಿಯಿಂದ ಒರೆಸಿ ತಿಂದರು. ಹೋಗುವಾಗ ಒಬ್ಬಾಕೆ ಬತೂಲಳ ಕೆನ್ನೆಗೆ ಮುತ್ತು ಕೊಟ್ಟಳು. ಅವತ್ತು ಸಂಜೆಯವರೆಗೂ ಬತೂಲ್ ಆ ಕೆನ್ನೆ ಮುಟ್ಟಿಕೊಂಡು ನಗುತ್ತಿದ್ದಳು.

ಬತೂಲ್ ಖ್ಲೀ ಮಾಡಿ ಬದುಕುವವಳು. ಗಂಡ ಹೋದ ಮೇಲೆ ಅದೇ ಅವಳ ಕಸುಬು. ದನದ ಮಾಂಸವನ್ನು ಉದ್ದುದ್ದ ಎಳೆಗಳಾಗಿ ಸೀಳಿ, ಉಪ್ಪು, ಬೆಳ್ಳುಳ್ಳಿ, ಕೊತ್ತಂಬರಿ ಬೀಜ, ಜೀರಿಗೆ ಅರೆದು ಹಚ್ಚಿ, ತಾರಸಿಯ ಹಗ್ಗದ ಮೇಲೆ ಬೇಸಿಗೆಯ ಬಿಸಿಲಿಗೆ ಒಣಹಾಕಬೇಕು. ಒಣಗಿದ್ದನ್ನು ಕೊಬ್ಬಿನಲ್ಲಿ, ನೀರಿನ ಪಸೆ ಪೂರ್ತಿ ಆರುವವರೆಗೆ ಕುದಿಸಬೇಕು. ಪಸೆ ಉಳಿದರೆ ಜಾಡಿಯಲ್ಲಿ ಕೆಡುತ್ತದೆ. ಇದಿಷ್ಟನ್ನೂ ಅವಳು ಮಾಡುವುದು ತಲೆಬಟ್ಟೆಯಿಲ್ಲದೆ, ತೋಳು ಮೇಲಕ್ಕೆ ಮಡಚಿಕೊಂಡು, ಮದರಂಗಿ ಬಣ್ಣದ ಜಡೆಯನ್ನು ತಲೆಯ ಮೇಲೆ ಸುತ್ತಿಕೊಂಡು. ತಾರಸಿ ಹೆಂಗಸರದು. ರಿಪೇರಿಗೆ ಬರುವ ಗಾರೆಯವನು ಕೂಡ ಮೆಟ್ಟಿಲಲ್ಲಿ ನಿಂತು ಗಟ್ಟಿಯಾಗಿ ಕೂಗಿ, ಸುತ್ತಲಿನ ತಾರಸಿಗಳ ಹೆಂಗಸರು ಒಳಗೆ ಹೋಗುವಷ್ಟು ಹೊತ್ತು ಕಾದು, ಆಮೇಲೆ ಮೇಲೆ ಕಾಲಿಡುತ್ತಾನೆ.

ಕೂಗದೆ ಅವಳ ತಾರಸಿಗೆ ಬರಬಹುದಾಗಿದ್ದ ಗಂಡಸು ಒಬ್ಬನೇ: ಜವಾದ್.

ಜವಾದ್ ಪಕ್ಕದ ಮನೆಯ ಕೆಂಜಾಳ ಮಗ. ಅವನನ್ನು ಹೆತ್ತಾಗ ಕೆಂಜಾ ಜ್ವರ ಹತ್ತಿ ಮಲಗಿಬಿಟ್ಟಳು, ಎದೆಯಲ್ಲಿ ಹಾಲಿರಲಿಲ್ಲ. ಆಗ ಬತೂಲಳ ಮಗಳು ಹನಿಯಾಳೂ ಕೈಗೂಸು. ಬತೂಲ್ ಒಂದು ಕಡೆ ಮಗಳನ್ನೂ ಇನ್ನೊಂದು ಕಡೆ ಜವಾದನನ್ನೂ ಹಾಕಿಕೊಂಡು ಇಡೀ ಚಳಿಗಾಲ ಹಾಲೂಡಿಸಿದಳು. ನಮ್ಮ ಧರ್ಮದಲ್ಲಿ ಹಾಲು ಕುಡಿದವನು ಹೆತ್ತ ಮಗನಿಗೆ ಸಮ. ಅವನ ಮುಂದೆ ತಲೆ ಮುಚ್ಚಬೇಕಿಲ್ಲ, ಅವನು ಬಾಗಿಲು ತಟ್ಟಬೇಕಿಲ್ಲ. ಹನಿಯಾ ಅವನಿಗೆ ಅಕ್ಕ. ಅವರಿಬ್ಬರಿಗೆ ಮದುವೆ ನಿಷಿದ್ಧ. ಹನಿಯಾ ಈಗ ಮೆಕ್ನೆಸ್‌ನಲ್ಲಿ ಗಂಡನ ಮನೆಯಲ್ಲಿದ್ದಾಳೆ. ಕೆಂಜಾ ತೀರಿಕೊಂಡಳು. ಜವಾದ್ ಅವಳ ಮನೆಯನ್ನೂ ಅದರಾಚೆಯ ಮನೆಯನ್ನೂ ಸೇರಿಸಿ ಗೆಸ್ಟ್ ಹೌಸ್ ಮಾಡಿದ. ಎರಡು ತಾರಸಿಗಳ ನಡುವೆ ಇರುವುದು ಸೊಂಟದೆತ್ತರದ ಗೋಡೆ. ಅದನ್ನು ಹಾರಿ ಬಂದು, ಹಗ್ಗದಿಂದ ಅರ್ಧ ಒಣಗಿದ ಎಳೆಯೊಂದನ್ನು ಕಿತ್ತು ಬಾಯಿಗೆ ಹಾಕಿಕೊಂಡು, "ಉಪ್ಪು ಕಮ್ಮಿ ಅಮ್ಮಾ" ಎಂದು ಹೇಳಿ ಅವಳಿಂದ ಬೈಸಿಕೊಂಡು ಹೋಗುವುದು ಅವನ ಚಿಕ್ಕಂದಿನ ಅಭ್ಯಾಸ. ಗಡ್ಡ ಬಂದ ಮೇಲೂ ಬಿಟ್ಟಿರಲಿಲ್ಲ.

ಮೊದಲ ಮೂವರು ಹೋದ ಮುಂದಿನ ವಾರ ಇನ್ನಿಬ್ಬರು ಬಂದರು. ಆಮೇಲೆ ನಾಲ್ವರು. ಕೊಬ್ಬು ಒಲೆಯ ಮೇಲಿದ್ದಾಗ ಬಂದರು, ಬತೂಲ್ ಸ್ನಾನಕ್ಕೆಂದು ಹಮಾಮಿಗೆ ಹೊರಟು ನಿಂತಾಗ ಬಂದರು, ಶುಕ್ರವಾರ ಕುಸ್ಕುಸ್ ತಟ್ಟೆಯ ಮುಂದೆ ಕೂತಾಗಲೂ ಬಂದರು. ಪ್ರತಿಸಲವೂ ಅವಳು ತಲೆಬಟ್ಟೆ ಬಿಗಿದುಕೊಂಡು ಬಾಗಿಲು ತೆರೆದಳು.

"ಇಡೀ ಊರಲ್ಲಿ ಇವರಿಗೆ ದಾರಿ ತಪ್ಪೋಕೆ ನಮ್ಮ ಓಣಿ ಒಂದೇ ಸಿಕ್ಕಿರೋದಾ?" ಎಂದಳು ಒಂದು ದಿನ, ಲೋಟ ತೊಳೆಯುತ್ತಾ. "ಸಕ್ಕರೆ ಹೋಗ್ಲಿ ಬಿಡು. ನನ್ನ ಮೊಣಕಾಲು ಕೇಳ್ಬೇಕಲ್ಲ."

"ಜವಾದ್‌ಗೆ ಹೇಳಿ. ಅವನ ಗೆಸ್ಟ್ ಹೌಸಿನವರೇ ಇರಬೇಕು ಲಲ್ಲಾ," ಎಂದೆ. ಹಿರಿಯ ಹೆಂಗಸರನ್ನು ನಾವು ಲಲ್ಲಾ ಎಂದೇ ಕರೆಯುವುದು.

"ಹೇಳಿದೆ. 'ನಿನ್ನ ಕೈರುಚಿ ಎಳ್ಕೊಂಡು ಬರುತ್ತೆ ಅಮ್ಮಾ' ಅಂದ. ಬಾಯಿ ಮಾತ್ರ ಜೇನು ಆ ನನ್ನ ಮಗಂದು."

ಹೇಳುವಾಗ ಅವಳಿಗೆ ಖುಷಿಯೇ ಆಗಿತ್ತು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಬಯಲಾದದ್ದು ಒಬ್ಬ ದಪ್ಪನೆಯ ಗಂಡಸಿನಿಂದ. ಅವನು ಹೆಂಡತಿಯೊಂದಿಗೆ ಬಂದಿದ್ದ. ಚಹಾ ಕುಡಿದ, ಖ್ಲೀ ತಿಂದ, ಆಮೇಲೆ ಎದ್ದು ಸೀದಾ ತಾರಸಿಯ ಮೆಟ್ಟಿಲ ಕಡೆ ನಡೆದ. ಬತೂಲ್ ಅಡ್ಡ ನಿಂತಳು. ಅವನು ಕೈಸನ್ನೆಯಿಂದ ಮೇಲೆ, ಮೇಲೆ ಎಂದ. ಅವಳು ತಲೆ ಅಲ್ಲಾಡಿಸಿದಳು. ಅವನ ಮುಖ ಬಿಗಿಯಿತು. ಮತ್ತೆ ನನಗೆ ಕರೆ ಬಂತು.

"ಏನಂತೆ ಇವನಿಗೆ? ಕಕ್ಕಸು ಕೆಳಗಿದೆ ಅಂತ ಹೇಳು."

ನಾನು ಕೇಳಿದೆ. ಅವನು ತುಂಬ ತಾಳ್ಮೆಯಿಂದ, ಅಂಗಡಿಯಲ್ಲಿ ಒಡೆದ ಸಾಮಾನು ಕೊಟ್ಟವನ ಹತ್ತಿರ ಮಾತಾಡುವ ಹಾಗೆ, ವಿವರಿಸಿದ. ತಾವು ದುಡ್ಡು ಕೊಟ್ಟಿದ್ದೇವೆ. ಗೆಸ್ಟ್ ಹೌಸಿನಲ್ಲೇ, ಮುಂಗಡವಾಗಿ. 'ಅಮ್ಮ ಬತೂಲಳ ಅಡುಗೆಮನೆ' ಎಂಬ ಭೇಟಿ, ಅದರಲ್ಲಿ ತಾರಸಿಯೂ ಸೇರಿದೆ. ಬೇಕಾದರೆ ನೋಡಿ ಎಂದು ಫೋನು ಮುಂದೆ ಹಿಡಿದ.

ಚಿತ್ರದಲ್ಲಿದ್ದವಳು ಬತೂಲ್. ತಾರಸಿಯ ಮೇಲೆ, ಹಗ್ಗಕ್ಕೆ ಮಾಂಸದ ಎಳೆ ಹಾಕುತ್ತಾ, ಎರಡೂ ತೋಳು ಮೇಲೆತ್ತಿ, ಬರಿತಲೆಯಲ್ಲಿ, ಬಿಚ್ಚಿ ಬೆನ್ನ ಮೇಲೆ ಬಿದ್ದ ಜಡೆಯೊಂದಿಗೆ ನಗುತ್ತಿದ್ದಳು. ಯಾರನ್ನು ನೋಡಿ ನಗುತ್ತಿದ್ದಳೆಂದು ಹೇಳಬೇಕಾಗಿರಲಿಲ್ಲ. ಹಾಗೆ ಅವಳೆದುರು ನಿಲ್ಲಬಹುದಾದ ಗಂಡಸು ಇನ್ನೊಬ್ಬನಿಲ್ಲ.

ಬತೂಲ್ ಬಹಳ ಹೊತ್ತು ನೋಡಿದಳು. ಕಣ್ಣು ಕಿರಿದು ಮಾಡಿ, ಬೇರೆ ಯಾರದೋ ಚಿತ್ರವಿರಬಹುದೇ ಎಂಬಂತೆ.

"ಇದು ನಾನು," ಎಂದಳು.

"ಹೌದು ಲಲ್ಲಾ."

"ದುಡ್ಡು ಕೊಟ್ಟಿದೀವಿ ಅಂದ್ನಾ ಇವನು?"

"ಹೌದು."

"ನನ್ನ ಚಹಾಕ್ಕಾ?"

ನಾನು ಹೌದೆಂದು ತಲೆಯಾಡಿಸಿದೆ.

"ಇವನು ಒಬ್ನೇನಾ, ಇಷ್ಟು ದಿನ ಬಂದೋರೆಲ್ಲಾನಾ?"

ನಾನು ಅವನನ್ನು ಕೇಳಿದೆ. ಎಲ್ಲರೂ ದುಡ್ಡು ಕೊಟ್ಟೇ ಬಂದವರು, ಗೆಸ್ಟ್ ಹೌಸಿನ ವೆಬ್‌ಸೈಟಿನಲ್ಲಿ ಅತ್ಯಂತ ಹೊಗಳಿಕೆ ಇರುವುದು ಇದಕ್ಕೇ ಎಂದ. ಮುತ್ತು ಕೊಟ್ಟು ಹೋದಾಕೆಯ ಮಾತನ್ನೂ ಓದಿ ತೋರಿಸಿದ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಬರೆದಿದ್ದಳು. ಅದನ್ನು ನಾನು ಬತೂಲಳಿಗೆ ಹೇಳಲಿಲ್ಲ.

ಅವನ ಹೆಂಡತಿಯ ಲೋಟದಲ್ಲಿ ಚಹಾ ಅರ್ಧ ಉಳಿದಿತ್ತು. ಬತೂಲ್ ಅದನ್ನು ನೋಡಿ ಕೂತಳು. "ಕುಡಿದು ಮುಗಿಸ್ಲಿ. ಲೋಟ ಕೈಲಿರೋರನ್ನ ಎಬ್ಬಿಸೋಕಾಗಲ್ಲ," ಎಂದಳು. ಮುಷ್ಟಿ ಎರಡೂ ತೊಡೆಯ ಮೇಲೆ ಬಿಗಿದಿದ್ದವು. ಆ ಹೆಂಗಸು ಗುಟುಕು ಗುಟುಕಾಗಿ ಕುಡಿದಳು, ಪಾಪ, ಏನೋ ಸರಿಯಿಲ್ಲವೆಂದು ಅವಳಿಗೂ ತಿಳಿದಿತ್ತು. ಲೋಟ ಕೆಳಗಿಟ್ಟ ಕೂಡಲೇ ಬತೂಲ್ ಜಲ್ಲಾಬಾ ನಿಲುವಂಗಿ ಮೇಲೆ ಹಾಕಿಕೊಂಡು ಹೊರಟಳು. ನಾನು ಹಿಂದೆ ಓಡಿದೆ.

ಗೆಸ್ಟ್ ಹೌಸಿನ ಹಜಾರದಲ್ಲಿ ಅದೇ ಚಿತ್ರ ಬಾಗಿಲಿನಷ್ಟು ದೊಡ್ಡದಾಗಿ, ಚೌಕಟ್ಟು ಹಾಕಿಸಿಕೊಂಡು, ದೀಪದ ಕೆಳಗೆ ಗೋಡೆಯಲ್ಲಿ ತೂಗುತ್ತಿತ್ತು. ಜವಾದ್ ಗಲ್ಲಾದ ಹಿಂದೆ ಕೂತಿದ್ದ. ಎದ್ದು ಬಂದು ಅವಳ ತಲೆಗೆ ಮುತ್ತಿಡಲು ಬಾಗಿದ. ಅವಳು ಹಿಂದೆ ಸರಿದಳು.

"ಏನೋ ಇದು?"

"ಅಮ್ಮಾ, ನಿಂಗೆ ಆಮೇಲೆ ಹೇಳೋಣ ಅಂತಿದ್ದೆ. ಎಷ್ಟು ಚೆನ್ನಾಗಿ ಬಂದಿದೀಯ ನೋಡು. ಬಂದೋರೆಲ್ಲ ಮೊದಲು ಕೇಳೋದೇ ಈಯಮ್ಮ ಯಾರು ಅಂತ."

"ನೀನೇನಂತೀಯ?"

"ನಮ್ಮಮ್ಮ ಅಂತೀನಿ. ಸುಳ್ಳಾ?"

"ನಿಮ್ಮಮ್ಮನ ಬರಿತಲೆ ಗೋಡೆಗೆ ಹೊಡ್ದು ನೇತು ಹಾಕಿದೀಯಲ್ಲೋ, ಮೊಳೆ ಹೊಡಿಯೋವಾಗ ಕೈ ನಡುಗ್ಲಿಲ್ವಾ?"

"ಅಯ್ಯೋ, ಎಲ್ಲಾ ಹೊರದೇಶದೋರಮ್ಮಾ. ಎರಡು ದಿನ ಇದ್ದು ಹೋಗೋರು. ನಿನ್ನ ಹೆಸರು ಕೂಡ ಸರಿಯಾಗಿ ಹೇಳೋಕೆ ಬರಲ್ಲ ಅವರಿಗೆ. ಅವರು ನೋಡಿದ್ರೆ ಏನಾಯ್ತು?"

"ದುಡ್ಡು ಯಾಕೆ ಈಸ್ಕೊಂಡೆ?"

ಅವನು ದನಿ ತಗ್ಗಿಸಿದ. "ಅಮ್ಮಾ, ನಿನ್ನ ಪಾಲು ಎತ್ತಿಟ್ಟಿದೀನಿ. ಬೇಸಿಗೆ ಮುಗಿದ ಮೇಲೆ ನಿನ್ನ ತಾರಸಿ ಗಾರೆ ಮಾಡಿಸೋಣ ಅಂತ. ನಾನು ನಿನ್ನ ಮಗ ಅಲ್ವಾ? ಮಗನ ಮನೆಗೆ ಬಂದೋರು ಅಮ್ಮನ ಮನೆಗೂ ಹೋಗಿ ಬರ್ತಾರೆ, ಅಷ್ಟೇ. ನನಗೆ ತೆರೆದಿರೋ ಬಾಗಿಲು ಅವರಿಗೂ ತೆರೆದಿರಲಿ ಅಂದ್ಕೊಂಡೆ."

ಅವನು ಇದನ್ನು ನಾಟಕಕ್ಕೆ ಹೇಳಲಿಲ್ಲ. ನಿಜವಾಗಿ ಹಾಗೇ ತಿಳಿದುಕೊಂಡಿದ್ದ. ತನಗೆ ಸಿಕ್ಕ ಹಕ್ಕನ್ನು ಕೈಬದಲಾಯಿಸಬಹುದು, ಬಾಡಿಗೆಗೆ ಕೊಡಬಹುದು ಎಂದು. ನನಗೆ ಅವನ ಮೇಲೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಬತೂಲ್ ಕಿರುಚಲಿಲ್ಲ. "ನಾನು ಹಾಲು ಕೊಟ್ಟಿದ್ದು ನಿಂಗೆ ಕಣೋ," ಎಂದಳು. "ನಿನ್ನ ಗಿರಾಕಿಗಳಿಗಲ್ಲ. ಇದನ್ನ ಇಳಿಸು. ಆ ಫೋನುಗಳಲ್ಲಿರೋದನ್ನೂ ತೆಗಿ. ಇನ್ನು ಒಬ್ರೂ ನನ್ನ ಬಾಗಿಲಿಗೆ ಬರಬಾರ್ದು."

"ಇದನ್ನ ಇಳಿಸ್ತೀನಿ. ಫೋನಲ್ಲಿರೋದು... ಸೀಸನ್ ಮುಗೀಲಿ ಅಮ್ಮಾ. ಈಗ ತೆಗೆದ್ರೆ ಬುಕಿಂಗ್ ಬಿದ್ದೋಗುತ್ತೆ. ಮುಂಗಡ ಕೊಟ್ಟೋರು ಇನ್ನೂ ಬರೋರಿದಾರೆ."

ಅವಳು ತಿರುಗಿ ಹೊರಟುಬಿಟ್ಟಳು.

ಓಣಿಯ ಬಾಯಲ್ಲಿ ಬೂಶ್ತಾ ಸಿಕ್ಕಿದ. ಹೇಸರಗತ್ತೆಯ ಮೇಲೆ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವವನು. ಕೆಲವು ವಾರಗಳಿಂದ ಅವನು ಬತೂಲಳ ಮುಖ ನೋಡದೆ ಸಿಲಿಂಡರ್ ಇಳಿಸಿ ಹೋಗುತ್ತಿದ್ದ. ಯಾವುದೋ ಮಾತಿಗೆ ಮುನಿಸಿಕೊಂಡಿದ್ದಾನೆಂದು ಅವಳು ನನ್ನ ಬಳಿ ಪೇಚಾಡಿಕೊಂಡಿದ್ದಳು. ಈಗ ಅವನೆದುರು ನಿಂತಳು.

"ಬೂಶ್ತಾ, ನೀನೂ ನೋಡಿದೀಯಾ?"

ಅವನು ಹೇಸರಗತ್ತೆಯ ಕಿವಿಯನ್ನೇ ನೋಡುತ್ತಾ ಹೇಳಿದ: "ನಾನು ಸಿಲಿಂಡರ್ ಇಳಿಸೋಕೆ ಹೋಗ್ತೀನಿ ಲಲ್ಲಾ. ಗೋಡೆ ಕಡೆ ನೋಡಲ್ಲ."

"ನೋಡದೇ ಇರೋನಿಗೆ ಗೋಡೆ ಮೇಲಿದೆ ಅಂತ ಹೆಂಗೋ ಗೊತ್ತಾಯ್ತು?"

ಬೂಶ್ತಾ ಕೆಂಪಗಾದ. ಬತೂಲಳಿಗೆ ಆಗ ಎಲ್ಲ ಒಟ್ಟಿಗೆ ಅರ್ಥವಾಯಿತು. ರೊಟ್ಟಿ ಸುಟ್ಟುಕೊಡುವವನು ರೊಟ್ಟಿಯ ಹಲಗೆಯನ್ನು ಅವಳ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಹೋಗುತ್ತಿದ್ದದ್ದು, ಕರೆಂಟಿನವನು ಬಾಗಿಲಲ್ಲೇ ತಲೆ ತಗ್ಗಿಸಿ ನಿಂತದ್ದು. ಓಣಿಯ ಗಂಡಸರೆಲ್ಲ ಆ ಹಜಾರ ದಾಟಿ ಬಂದವರೇ. ಅವಳ ಮರ್ಯಾದೆ ಉಳಿಸಲೆಂದು ಕಣ್ಣು ತಗ್ಗಿಸಿ ಓಡಾಡಿದ್ದರು. ಎಂಥ ಒಳ್ಳೆಯವರು! ಒಬ್ಬನೂ ಜವಾದನಿಗೆ, ಇದು ತಪ್ಪು ಮಾರಾಯ ಎಂದಿರಲಿಲ್ಲ. ಅವನು ಕೆಲಸ ಕೊಡುವವನು, ಸಿಲಿಂಡರ್ ತರಿಸಿಕೊಳ್ಳುವವನು.

"ಕಣ್ಣು ತಗ್ಗಿಸೋಕೆ ಬರುತ್ತೆ ನಿಮಗೆಲ್ಲ. ಬಾಯಿ ತೆಗೆಯೋಕೆ ಬರಲ್ಲ," ಎಂದಳು ಬತೂಲ್. ಬೂಶ್ತಾನ ಹೇಸರಗತ್ತೆ ಕೂಡ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಮಾರನೆಯ ಬೆಳಗ್ಗೆ ಜವಾದ್ ಬಂದ. ತಾರಸಿಯ ಬಾಗಿಲಿಗೆ ಅಗುಳಿ ಬಿದ್ದದ್ದು ನೋಡಿ ಓಣಿಯಿಂದ ಸುತ್ತಿ ಬಂದಿದ್ದ. ಕೈಯಲ್ಲಿ ನೀಲಿ ಕಾಗದ ಸುತ್ತಿದ ಸಕ್ಕರೆಯ ಅಚ್ಚು. ನಮ್ಮಲ್ಲಿ ತಪ್ಪು ಒಪ್ಪಿಕೊಳ್ಳಲು ಬರುವವರು ಅದನ್ನು ಹಿಡಿದು ಬರುತ್ತಾರೆ. ಎದುರಿನವರು ಅದನ್ನು ಒಳಗೆ ತೆಗೆದುಕೊಂಡರೆ ರಾಜಿಯಾಯಿತು ಎಂದರ್ಥ. ಬಳೆ ಬಡಿದ. ಹುಟ್ಟಿದಂದಿನಿಂದ ಅವನು ಆ ಬಳೆ ಮುಟ್ಟಿದ್ದು ಅದೇ ಮೊದಲಿರಬೇಕು.

ಒಳಗಿನಿಂದ ಬತೂಲಳ ದನಿ ಬಂತು. "ಯಾರದು?"

"ನಾನಮ್ಮಾ, ಜವಾದ್."

ಬಾಗಿಲು ಒಂದು ಗೇಣು ತೆರೆಯಿತು. ಅವಳು ತಲೆಬಟ್ಟೆಯನ್ನು ಹಣೆಯವರೆಗೆ ಎಳೆದು, ಗದ್ದದ ಕೆಳಗೆ ಬಿಗಿದು ಕಟ್ಟಿದ್ದಳು.

"ಕ್ಷಮಿಸಿ ಸೀ ಜವಾದ್. ಮನೇಲಿ ಗಂಡಸರಿಲ್ಲ."

ಸೀ ಎಂದರೆ ಶ್ರೀಯುತರೇ ಎಂದ ಹಾಗೆ; ಒಂಟಿ ಹೆಂಗಸು ಅಪರಿಚಿತನಿಗೆ ಹೇಳುವ ಮಾತು ಅದು. ಎದುರಿನ ನನ್ನ ಹೊಸ್ತಿಲಲ್ಲಿ ನಿಂತು ನಾನದನ್ನು ಕೇಳಿದೆ. ಜವಾದನ ಮುಖದಿಂದ ರಕ್ತ ಇಳಿದುಹೋಯಿತು.

"ಅಮ್ಮಾ, ಏನಿದು? ಸೀ ಜವಾದ್ ಅಂತೆ! ಗೋಡೆಯಿಂದ ತೆಗೆಸ್ದೆ. ಬಂದು ನೋಡು ಬೇಕಾದ್ರೆ."

"ಫೋನಿಂದ?"

ಅವನು ಸಕ್ಕರೆಯ ಅಚ್ಚನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ.

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಇನ್ನೊಂದು ಜೋಡಿ ಕಾಣಿಸಿತು. ವಯಸ್ಸಾದವರು, ಗಂಡ ಕೋಲೂರಿಕೊಂಡಿದ್ದ, ಹೆಂಡತಿ ಫೋನು ಹಿಡಿದು ಮನೆಗಳ ಬಾಗಿಲು ನೋಡುತ್ತಾ ಬರುತ್ತಿದ್ದಳು. ಬತೂಲಳನ್ನು ನೋಡಿ ಗುರುತು ಸಿಕ್ಕ ಸಂತೋಷದಲ್ಲಿ ಕೈ ಬೀಸಿದಳು. ಜವಾದ್ ಅವರತ್ತ ಧಾವಿಸಿದ, ಇವತ್ತು ಆಗುವುದಿಲ್ಲ, ನಾಳೆ ಬನ್ನಿ ಎಂದೇನೋ ಶುರುಮಾಡಿದ.

"ನಾಳೆ ಯಾಕೆ?" ಬತೂಲ್ ಬಾಗಿಲು ಪೂರ್ತಿ ತೆರೆದು ಹೊರಗೆ ಬಂದಳು. "ಟೀಚರಮ್ಮ, ಇವರಿಗೆ ಹೇಳು. ನನ್ನ ಮನೇಲಿ ಚಹಾ ಮಾರಲ್ಲ. ಯಾವತ್ತೂ ಮಾರಿಲ್ಲ. ಇವರು ಕೊಟ್ಟ ದುಡ್ಡನ್ನ ಈ ಸೀ ಜವಾದ್ ಈಗ್ಲೇ ವಾಪಸ್ ಕೊಡ್ತಾರೆ, ಇಲ್ಲೇ, ನನ್ನ ಕಣ್ಮುಂದೆ."

ನಾನು ಒಂದಕ್ಷರ ಬಿಡದೆ ಹೇಳಿದೆ. ಆ ಹೆಂಗಸು ಫೋನು ನೋಡಿದಳು, ಬತೂಲಳ ತಲೆಬಟ್ಟೆ ನೋಡಿದಳು, ಆಮೇಲೆ ಜವಾದನನ್ನು ನೋಡಿದಳು. ಅವಳ ಕಿವಿಯವರೆಗೂ ಕೆಂಪೇರಿತು. ಈಕೆಯನ್ನು ಕೇಳಿರಲಿಲ್ಲವೇ ನೀವು ಎಂದು ಅವನನ್ನೇ ಕೇಳಿದಳು. ದುಡ್ಡು ಬೇಡ, ನಾವು ಹೋಗುತ್ತೇವೆ ಎಂದಳು.

"ಬೇಡ ಅಂತಿದಾರೆ ಲಲ್ಲಾ."

"ಅವರಿಗೆ ಬೇಡದೇ ಇರಬಹುದು. ನಂಗೆ ಬೇಕು. ಕೊಡಿಸು."

ಈಗ ಕಿಟಕಿಗಳಲ್ಲಿ ತಲೆಗಳು ಕಾಣತೊಡಗಿದ್ದವು. ಬೂಶ್ತಾ ಓಣಿಯ ಬಾಯಲ್ಲಿ ಹೇಸರಗತ್ತೆಯ ಜೊತೆ ನಿಂತಿದ್ದ. ಜವಾದ್ ಸಕ್ಕರೆಯನ್ನು ಕಂಕುಳಲ್ಲಿ ಸಿಕ್ಕಿಸಿ, ಜೇಬಿನಿಂದ ನೋಟು ತೆಗೆದು ಆ ಮುದುಕನ ಕೈಗೆ ಕೊಟ್ಟ.

"ಪೂರ್ತಿ ಕೊಟ್ನಾ?"

"ಕೊಟ್ಟ."

ಬತೂಲ್ ಉಸಿರು ಬಿಟ್ಟಳು. ತಲೆಬಟ್ಟೆ ಸರಿಮಾಡಿಕೊಂಡಳು. "ಈಗ ಕೇಳು," ಎಂದಳು ನನಗೆ. "ದಾರೀಲಿ ನಡ್ಕೊಂಡು ಬಂದಿದಾರೆ, ಆಯಪ್ಪನಿಗೆ ಕಾಲು ಬೇರೆ ಸರಿಯಿಲ್ಲ. ಒಂದು ಲೋಟ ಚಹಾ ಕುಡೀತಾರಾ ಅಂತ."

ಅವರು ಕುಡಿಯುತ್ತೇವೆ ಎಂದರು. ಗಂಡ ಹೊಸ್ತಿಲು ದಾಟುವಾಗ ಬತೂಲ್ ತಾನೇ ಕೋಲು ಹಿಡಿದುಕೊಂಡಳು. ಹೆಂಡತಿಯ ಜೊತೆ ನಾನೂ ಒಳಗೆ ಹೋದೆ. ಅವರ ಹಿಂದೆ ಜವಾದನೂ ಕಾಲೆತ್ತಿದ. ಅವಳು ಬಾಗಿಲಿಗೆ ಕೈ ಅಡ್ಡ ಕೊಟ್ಟಳು.

"ಹೇಳಿದ್ನಲ್ಲ ಸೀ ಜವಾದ್. ಮನೇಲಿ ಗಂಡಸರಿಲ್ಲ."

"ಒಳಗೋದ ಆ ಮುದುಕ ಯಾರು ಮತ್ತೆ?" ಅವನಿಗೆ ಅಳು ಬಂದಂತಿತ್ತು.

"ಅವರು ಹೆಂಡ್ತಿ ಜೊತೆ ಬಂದಿದಾರೆ. ನೀವು ಒಬ್ರೇ ಬಂದಿದೀರಿ."

ಬಾಗಿಲು ಮುಚ್ಚಿತು. ಅವನು ಬಹಳ ಹೊತ್ತು ಸಕ್ಕರೆ ಹಿಡಿದು ಅಲ್ಲೇ ನಿಂತಿದ್ದ. ಒಳಗೆ ಬತೂಲ್ ಸುರಿದ ಚಹಾ ಲೋಟ ತುಂಬಿ ತಟ್ಟೆಯ ತುಂಬ ಚೆಲ್ಲಿತು. ಆ ಹೆಂಗಸು ಏನೂ ಹೇಳದೆ ತನ್ನ ಕರವಸ್ತ್ರದಿಂದ ಒರೆಸಿದಳು. ಫೋಟೋ ತೆಗೆಯಲಿಲ್ಲ.

ಆಮೇಲೆ ಯಾರೂ ಬತೂಲಳ ಬಾಗಿಲು ಹುಡುಕಿಕೊಂಡು ಬರಲಿಲ್ಲ. ಜವಾದ್ ಫೋನಿನಲ್ಲಿದ್ದದ್ದನ್ನೂ ಕೊನೆಗೆ ತೆಗೆದ. ಆದರೆ ಅಷ್ಟರಲ್ಲಿ ಅದು ಎಷ್ಟೋ ಜನರ ಬಳಿ ಹೋಗಿ ಕೂತಿತ್ತು. ಒಂದು ಚಿತ್ರ ಒಂದು ಸಲ ಹೊರಗೆ ಹೋದರೆ ಹೇಗೆ ಹರಡುತ್ತದೆಂದು ಅವಳು ಕೇಳಿದಳು, ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. ಅದನ್ನು ಹೇಳಬಾರದಿತ್ತೋ ಏನೋ. ಮಗಳು ಹನಿಯಾ ಮೆಕ್ನೆಸ್‌ನಿಂದ ಫೋನು ಮಾಡಿ, ತಮ್ಮನನ್ನು ಕ್ಷಮಿಸಿಬಿಡಮ್ಮ ಎಂದಾಗ ಬತೂಲ್ ಕೊಟ್ಟ ಉತ್ತರ ಇಷ್ಟೇ: "ಹಾಲು ವಾಪಸ್ ತಗೊಳೋಕೆ ಬರಲ್ಲ, ಅದು ನಂಗೂ ಗೊತ್ತು. ಅವನು ನಿಂಗೆ ತಮ್ಮನೇ. ನಂಗೆ ಏನು ಅನ್ನೋದನ್ನ ನಂಗೆ ಬಿಡು."

ಈ ಬೇಸಿಗೆ ಅವಳು ಖ್ಲೀ ಒಣಹಾಕಿದ್ದು ತಲೆಬಟ್ಟೆ ಕಟ್ಟಿಕೊಂಡು. ಜುಲೈ ಬಿಸಿಲು, ಕೈತುಂಬ ಬೆಳ್ಳುಳ್ಳಿ ಮಸಾಲೆ. ಬಟ್ಟೆ ಜಾರಿದರೆ ಸರಿಮಾಡಲು ಕೈ ಬಿಡುವಿಲ್ಲ. ಬೆವರು ಕಣ್ಣಿಗಿಳಿಯುತ್ತದೆ. ಮೊಣಕೈಯಿಂದ ಬಟ್ಟೆ ಮೇಲೆ ತಳ್ಳುತ್ತಾ ಪ್ರತಿಸಲವೂ ಅವನ ಹೆಸರು ಹಿಡಿದು ಬೈಯುತ್ತಾಳೆ. ನಾನು ಎಳೆಗಳನ್ನು ತೆಗೆದು ಕೊಡುತ್ತಿದ್ದೆ. ನಿಮ್ಮದೇ ತಾರಸಿ, ಸುತ್ತ ಹೆಂಗಸರೇ, ಬಿಚ್ಚಿಹಾಕಿ ಲಲ್ಲಾ ಎಂದೆ.

"ಇಷ್ಟು ವರ್ಷ ಬಿಚ್ಚಿಟ್ಟೇ ಇದ್ನಲ್ಲೇ," ಎಂದಳು.

ಆಗ ಗೋಡೆಯಾಚೆಯಿಂದ ಜವಾದನ ದನಿ ಕೇಳಿಸಿತು. ಇತ್ತೀಚೆಗೆ ಅವನೂ ಮೆಟ್ಟಿಲಲ್ಲೇ ನಿಂತು ಕೂಗುತ್ತಾನೆ.

"ಅಮ್ಮಾ! ಮೇಲೆ ಬರ್ಲಾ ಅಮ್ಮಾ?"

ಬತೂಲ್ ಹಗ್ಗಕ್ಕೆ ಹಾಕುತ್ತಿದ್ದ ಎಳೆಯನ್ನು ಬುಟ್ಟಿಗೆ ವಾಪಸ್ ಹಾಕಿದಳು, ಬುಟ್ಟಿಯ ಒಂದು ಹಿಡಿಕೆ ನನ್ನ ಕೈಗೆ ಕೊಟ್ಟಳು.

"ಯಾರೋ ಗಂಡಸು ಕೂಗ್ತಿದಾನೆ," ಎಂದಳು. "ನಡಿ ಟೀಚರಮ್ಮ, ಕೆಳಗೆ ಹೋಗೋಣ."